ಜೋನಿ ಬೆಲ್ಲ, ಕಡುಬು, ಮತ್ತೆ ಜೋಗದವರೆಗಿನ ಸೈಕಲ್

ಬ್ರೆವೆ ಅಂದರೆ ಗೊತ್ತುಮಾಡಿದ ದೂರವನ್ನು ಗೊತ್ತುಮಾಡಿದ ಸಮಯದೊಳಗೆ ಮುಗಿಸುವ ಸೈಕಲ್ ಸವಾರಿ. ಅದರಲ್ಲಿ ಯಾರು ಮೊದಲು ಬಂದರು ಅಂತ ಯಾರೂ ಕೇಳುವುದಿಲ್ಲ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ಅಷ್ಟರೊಳಗೆ ಬಂದು, ದಾರಿಯಲ್ಲಿ ಸೀಲು ಹಾಕಿಸಿಕೊಂಡ ಕಾರ್ಡು ಒಪ್ಪಿಸಿದರೆ ಆಯ್ತು. ಸರಾಸರಿ ತೆಗೆದರೆ ಗಂಟೆಗೆ ಸುಮಾರು 15 ಕಿ.ಮೀ. ಇಷ್ಟೇನಾ ಅನ್ನಿಸುತ್ತದೆ. ಆದರೆ ಗಡಿಯಾರ ಯಾರಿಗೂ ಕಾಯುವುದಿಲ್ಲ. ಪಂಕ್ಚರ್ ಹಾಕಿದ್ದು, ಕಾಫಿ ಕುಡಿದದ್ದು, ಫೋಟೋ ತೆಗೆದದ್ದು ಎಲ್ಲ ಅದರಲ್ಲೇ ಕಳೆಯುತ್ತದೆ.

ಶಿವಮೊಗ್ಗದಿಂದ ಸಾಗರದ ಮೇಲೆ ಜೋಗಕ್ಕೆ ಹೋಗಿ ವಾಪಸ್ ಬಂದರೆ ಹೆಚ್ಚುಕಡಿಮೆ 200 ಕಿ.ಮೀ. ನನ್ನ ಮೊದಲ 200 ಅದೇ ದಾರಿ. ಕಾಲು ಸೋತು ಅರ್ಧಕ್ಕೆ ಬಿಟ್ಟವರನ್ನು ನಾನು ಕಂಡದ್ದು ಕಡಿಮೆ, ಹೊಟ್ಟೆ ಕೈಕೊಟ್ಟು ಬಿಟ್ಟವರೇ ಜಾಸ್ತಿ. ಹಾಗಾಗಿ ತಯಾರಿಯಲ್ಲಿ ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು ಊಟದ ವಿಷಯಕ್ಕೆ.

ಕಾಲಿನ ತಯಾರಿ ಬೇಗ ಹೇಳಿಬಿಡುತ್ತೇನೆ. ವಾರದ ದಿನಗಳಲ್ಲಿ ಬೆಳಗಿನ ಜಾವ ಗಾಜನೂರು, ಸಕ್ರೆಬೈಲು ಕಡೆ ಒಂದು ಸುತ್ತು. ಭಾನುವಾರ ಮಂಡಗದ್ದೆ ದಾಟಿ ತೀರ್ಥಹಳ್ಳಿ. ಮೈ ಪಳಗಿದ ಮೇಲೆ ಅಲ್ಲಿಂದ ಮುಂದೆ ಆಗುಂಬೆ, ಘಾಟಿ ಇಳಿದು ಸೋಮೇಶ್ವರ ಮುಟ್ಟಿ ಮತ್ತೆ ಹದಿನಾಲ್ಕು ತಿರುವು ಹತ್ತುವುದು. ಘಾಟಿಗೆ ಎಲ್ಲರೂ ಹೆದರುತ್ತಾರೆ. ನನ್ನ ಕೇಳಿದರೆ ಘಾಟಿಗಿಂತ ಮಲೆನಾಡಿನ ಸಾಮಾನ್ಯ ರಸ್ತೆಯೇ ಕಷ್ಟ. ಎಲ್ಲೂ ದೊಡ್ಡ ಗುಡ್ಡವಿಲ್ಲ, ಎಲ್ಲೂ ಸಮತಟ್ಟೂ ಇಲ್ಲ. ಒಂದು ದಿಬ್ಬ ಹತ್ತಿ ಉಸಿರು ಬಿಡುವಷ್ಟರಲ್ಲಿ ಇಳಿಜಾರು ಮುಗಿದು ಇನ್ನೊಂದು ದಿಬ್ಬ ಎದುರಿಗಿರುತ್ತದೆ. ಪ್ರತಿ ದಿಬ್ಬದಲ್ಲೂ ಎದ್ದು ನಿಂತು ಪೆಡಲ್ ತುಳಿಯುತ್ತಾ ಹೋದರೆ ಮಧ್ಯಾಹ್ನದ ಹೊತ್ತಿಗೆ ಮೈಯಲ್ಲಿ ಸಕ್ಕರೆ ಉಳಿದಿರುವುದಿಲ್ಲ. ಸಣ್ಣ ಗೇರಿಗೆ ಹಾಕಿ, ಪಕ್ಕದವನ ಜೊತೆ ಮಾತಾಡುವಷ್ಟು ಉಸಿರು ಇಟ್ಟುಕೊಂಡು ಹತ್ತುವುದು ಲೇಸು.

ಈ ಸಕ್ಕರೆಯದ್ದೇ ಲೆಕ್ಕ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟದ್ದು ಸುಮಾರು 400ರಿಂದ 500 ಗ್ರಾಂ, ಅಂದರೆ 2000 ಕ್ಯಾಲೊರಿಯ ಆಸುಪಾಸು. ಇಡೀ ದಿನದ ಸವಾರಿ ಅದರ ಎರಡರಷ್ಟಕ್ಕಿಂತ ಹೆಚ್ಚು ಕೇಳುತ್ತದೆ. ಕೊಬ್ಬೂ ಉರಿಯುತ್ತದೆ ನಿಜ, ಆದರೆ ನಿಧಾನ. ದಿಬ್ಬದಲ್ಲಿ ಕಾಲು ಕೇಳುವುದು ಸಕ್ಕರೆಯನ್ನೇ. ಹೊರಗಿಂದ ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಕೊಡುತ್ತಾ ಹೋದರೆ ದಿನ ಸಾಗುತ್ತದೆ. ಬರೀ ಗ್ಲೂಕೋಸ್ ಆದರೆ ಕರುಳು ಹೀರುವುದು ಅಷ್ಟನ್ನೇ. ಜೊತೆಗೆ ಫ್ರಕ್ಟೋಸ್ ಇದ್ದರೆ 90 ಗ್ರಾಂವರೆಗೂ ಹೋಗುತ್ತದೆ, ಯಾಕೆಂದರೆ ಎರಡೂ ಬೇರೆ ಬೇರೆ ಬಾಗಿಲಿನಿಂದ ಒಳಗೆ ಹೋಗುತ್ತವೆ. ಬೆಲ್ಲದಲ್ಲಿ ಹೆಚ್ಚಿನ ಪಾಲು ಸುಕ್ರೋಸ್, ಅದು ಒಡೆದರೆ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಅಂಗಡಿಯ ದುಬಾರಿ ಎನರ್ಜಿ ಜೆಲ್ ಮಾಡುವ ಕೆಲಸವನ್ನು, ಪಾಕದಂತೆ ನೀರಾಗಿರುವ ನಮ್ಮ ಜೋನಿ ಬೆಲ್ಲವೂ ಮಾಡುತ್ತದೆ.

ಸಾಗರದ ಹತ್ತಿರ ಅಣ್ಣನ ಮನೆ. ಅಲ್ಲಿಂದ ಬೆಲ್ಲದ ಡಬ್ಬಿ ಹೊತ್ತು ತರುವಾಗ ಅತ್ತಿಗೆ, ‘ಎಂತ ಮಾರಾಯ, ಬೆಲ್ಲ ನೆಕ್ಕಲಿಕ್ಕೆ ಜೋಗದವರೆಗೆ ಸೈಕಲ್ ಹೊಡೀಬೇಕಾ?’ ಅಂತ ನಕ್ಕಿದ್ದರು. ಜೋನಿ ಬೆಲ್ಲವನ್ನು ಹಾಗೇ ಬಾಟಲಿಗೆ ತುಂಬಿದರೆ ಚಳಿಯ ಬೆಳಿಗ್ಗೆ ಗಟ್ಟಿಯಾಗಿ, ಎಷ್ಟು ಹಿಂಡಿದರೂ ಬರುವುದಿಲ್ಲ. ಮೂರು ಪಾಲು ಬೆಲ್ಲಕ್ಕೆ ಒಂದು ಪಾಲು ಬಿಸಿನೀರು, ಚಿಟಿಕೆ ಉಪ್ಪು, ಅರ್ಧ ನಿಂಬೆಹಣ್ಣಿನ ರಸ ಕಲಸಿ, ಹಿಂಡುವ ಮೂತಿಯ ಸಣ್ಣ ಸಾಸ್ ಬಾಟಲಿಗೆ ಹಾಕುತ್ತೇನೆ. ಒಂದು ಹಿಂಡಿಗೆ ಒಂದು ಗುಟುಕು, ಮೇಲೆ ಎರಡು ಗುಟುಕು ನೀರು. ನೀರು ಕುಡಿಯದಿದ್ದರೆ ಅಷ್ಟು ಸಿಹಿ ಹೊಟ್ಟೆಯಲ್ಲೇ ಕೂತು ತೊಳಸುತ್ತದೆ. ಮೂತಿ ಒರೆಸದೆ ಜೇಬಿಗೆ ಹಾಕಿದರೆ ಅಂಗಿ ಬೆನ್ನಿಗೆ ಅಂಟುತ್ತದೆ. ಸೈಕಲ್ ಒರಗಿಸಿ ಚಹಾ ಕುಡಿದು ಬರುವಷ್ಟರಲ್ಲಿ ಇರುವೆ ಸಾಲುಗಟ್ಟಿರುತ್ತದೆ.

ಗಟ್ಟಿ ಆಹಾರಕ್ಕೆ ಅಕ್ಕಿ ತರಿಯ ಕಡುಬು. ಚಟ್ನಿ, ತುಪ್ಪ ಏನೂ ಬೇಡ, ಬರೀ ಉಪ್ಪು ಹಾಕಿದ ಕಡುಬನ್ನು ಬಾಳೆಲೆ ತುಂಡಿನಲ್ಲಿ ಸುತ್ತಿ ಇಟ್ಟುಕೊಂಡರೆ ಸಂಜೆವರೆಗೆ ಕೆಡುವುದಿಲ್ಲ, ಒಂದು ಕೈಯಲ್ಲಿ ತಿನ್ನಬಹುದು. ಕಾಯಿ, ಎಣ್ಣೆ ಸೇರಿದ್ದು ಜೀರ್ಣವಾಗಲು ಹೊತ್ತು ಹಿಡಿಯುತ್ತದೆ. ಜೊತೆಗೆ ಏಲಕ್ಕಿ ಬಾಳೆ. ಇದನ್ನೆಲ್ಲ ಭಾನುವಾರದ ಸವಾರಿಗಳಲ್ಲೇ ತಿಂದು ಅಭ್ಯಾಸ ಮಾಡಬೇಕು. ಓಡುವ ಮೈಯಲ್ಲಿ ತಿಂದದ್ದನ್ನು ಅರಗಿಸಿಕೊಳ್ಳಲು ಕರುಳಿಗೂ ತಾಲೀಮು ಬೇಕು. ಮೊದಮೊದಲು ಗಂಟೆಗೆ 30 ಗ್ರಾಂಗೇ ಹೊಟ್ಟೆ ಉಬ್ಬರಿಸುತ್ತಿತ್ತು, ವಾರಗಳು ಕಳೆದಂತೆ 60ಕ್ಕೆ ಒಗ್ಗಿತು.

ನೀರಿನ ವಿಷಯಕ್ಕೆ ಮಲೆನಾಡು ಮೋಸ ಮಾಡುತ್ತದೆ. ಬೆಳಿಗ್ಗೆ ಮಂಜು, ದಾರಿಗೆಲ್ಲ ಮರದ ನೆರಳು, ಬಾಯಾರಿಕೆಯೇ ಆಗುವುದಿಲ್ಲ. ಬೆವರು ಮಾತ್ರ ಹರಿಯುತ್ತಲೇ ಇರುತ್ತದೆ, ಗಾಳಿಯ ತೇವಕ್ಕೆ ಆರುವುದೂ ಇಲ್ಲ. ಬರೀ ನೀರು ಕುಡಿಯುತ್ತಾ ಹೋದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ಅದಕ್ಕೆ ನನ್ನ ಒಂದು ಬಾಟಲಿಯಲ್ಲಿ ಓಆರ್‌ಎಸ್, ಇನ್ನೊಂದರಲ್ಲಿ ಸಾದಾ ನೀರು. ಓಆರ್‌ಎಸ್ ಅಂದರೆ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು ಇರುವ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದು. ಅದು ಭೇದಿಯವರಿಗಾಗಿ ಮಾಡಿದ್ದು, ಉಪ್ಪಿಗೆ ಒಳ್ಳೆಯದು. ಅದನ್ನೇ ನೆಚ್ಚಿ ಶಕ್ತಿ ಬರಲಿ ಅಂದರೆ ಬರುವುದಿಲ್ಲ, ಸಕ್ಕರೆ ಸಾಲದು.

ಬ್ರೆವೆಯ ದಿನ ನಾಲ್ಕು ಗಂಟೆಗೆ ಎದ್ದು ಗಂಜಿ ಕುಡಿದೆ, ನೆಂಚಿಕೊಳ್ಳಲು ಅಪ್ಪೆಮಿಡಿ. ಆರಕ್ಕೆ ಹೊರಟೆವು. ಆಯನೂರಿನವರೆಗೆ ಮಂಜು, ಲೈಟ್ ಹಾಕಿಯೇ ಓಡಿಸಿದ್ದು. ಫೋನಿನಲ್ಲಿ 20 ನಿಮಿಷಕ್ಕೊಮ್ಮೆ ಅಲಾರಂ ಇಟ್ಟಿದ್ದೆ. ಹಸಿವಿರಲಿ ಬಿಡಲಿ, ಹೊಡೆದಾಗ ಒಂದು ತುತ್ತು ಒಳಗೆ. ಕುಂಸಿ, ಆನಂದಪುರ ದಾಟಿ ಸಾಗರದಲ್ಲಿ ಇಡ್ಲಿ, ಕಾಫಿ. ಪಕ್ಕದ ಮೇಜಿನಲ್ಲಿ ಗುಂಪಾಗಿ ಕೂತವರು ವಡೆ, ಮಸಾಲೆ ದೋಸೆ ತರಿಸಿ ನಲವತ್ತು ನಿಮಿಷ ಕಳೆದರು. ಅವರು ಆಮೇಲೆ ತಾಳಗುಪ್ಪದ ದಾರಿಯಲ್ಲಿ ತೇಗುತ್ತಾ ಬರುತ್ತಿದ್ದರು. ಅಂದಹಾಗೆ, ಈ ದಾರಿಯಲ್ಲಿ ಮೊದಲ ಸಲ ಹೋಗುವವರಿಗೆ ಒಂದು ಧೈರ್ಯವಿದೆ: ಕುಂಸಿ, ಆನಂದಪುರ, ಸಾಗರ, ತಾಳಗುಪ್ಪ ಎಲ್ಲ ಕಡೆ ರೈಲು ನಿಲ್ದಾಣ ಉಂಟು.

ಜೋಗದಲ್ಲಿ ಕಾರ್ಡಿಗೆ ಸೀಲು ಹಾಕಿಸಿ, ಶರಾವತಿಯ ಕಡೆ ಒಮ್ಮೆ ನೋಡಿ ತಿರುಗಿದೆ. ವಾಪಸ್ ಬರುವಾಗ ಬೆಲ್ಲ ಕಂಡರೆ ವಾಕರಿಕೆ ಶುರುವಾಯಿತು. ಇಷ್ಟು ಹೊತ್ತು ಸಿಹಿ ತಿಂದರೆ ಎಲ್ಲರಿಗೂ ಆಗುವುದೇ, ಅದಕ್ಕೇ ಉಪ್ಪಿನ ಕಡುಬನ್ನು ಮಧ್ಯಾಹ್ನಕ್ಕೆ ಉಳಿಸಿಕೊಂಡಿದ್ದೆ. ಸಾಗರದಲ್ಲಿ ಮೊಸರನ್ನ, ಉಪ್ಪಿನಕಾಯಿ ತಿಂದ ಮೇಲೆ ಬಾಯಿ ಸರಿಯಾಯಿತು. ಸುಸ್ತಾದರೆ ಅಂಗಡಿ ಜಗಲಿಯಲ್ಲೋ ಬಸ್ ನಿಲ್ದಾಣದಲ್ಲೋ ಕೂರಬೇಕೇ ಹೊರತು ಕಾಡಿನಂಚಿನ ತರಗೆಲೆ ಮೇಲೆ ಕಾಲು ಚಾಚಬಾರದು. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದ ಕ್ಯಾಸನೂರು ಕಾಡು ಇದೇ ಜಿಲ್ಲೆಯದ್ದು. ಅದನ್ನು ಹರಡುವುದು ಉಣ್ಣೆ ಹುಳ, ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ ಅದರ ಕಾಟ ಹೆಚ್ಚು. ನಮ್ಮ ಬ್ರೆವೆಗಳೂ ಅದೇ ತಿಂಗಳುಗಳಲ್ಲಿ.

ಕುಂಸಿಯಿಂದ ಈಚೆ ಕತ್ತಲು, ಲಾರಿ. ಹೊಳೆಯುವ ಜಾಕೆಟ್ಟು, ಹಿಂದಿನ ಕೆಂಪು ಲೈಟು ನಿಯಮಕ್ಕೆ ಮಾತ್ರ ಅಲ್ಲ ಅಂತ ಅಲ್ಲಿ ಗೊತ್ತಾಗುತ್ತದೆ. ಸಮಯ ಇನ್ನೂ ಉಳಿದಿರುವಾಗಲೇ ಶಿವಮೊಗ್ಗ ಸೇರಿದೆ. ಮನೆಯಲ್ಲಿ ಬಿಸಿ ಅನ್ನ, ತಿಳಿಸಾರು, ಎರಡು ಮೊಟ್ಟೆ.

ಈಗ 300ಕ್ಕೆ ತಯಾರಿ ನಡೆದಿದೆ. 20 ಗಂಟೆ ಅಂದರೆ ರಾತ್ರಿಯೂ ಓಡಿಸಬೇಕು, ನಮ್ಮ ಕಡೆ ಸಣ್ಣ ಊರುಗಳ ಹೋಟೆಲುಗಳು ಬೇಗ ಬಾಗಿಲು ಹಾಕುತ್ತವೆ. ಹಾಗಾಗಿ ಈ ಸಲ ಕಡುಬು ಇನ್ನೂ ಜಾಸ್ತಿ, ಜೊತೆಗೆ ಸಣ್ಣ ಫ್ಲಾಸ್ಕಿನಲ್ಲಿ ಉಪ್ಪು ಹಾಕಿದ ಬಿಸಿ ಗಂಜಿ.