ಕಾರ್ಬೊರೇಟರ್ ಜಿಪ್ಸಿಗೆ ವೈಡ್‌ಬ್ಯಾಂಡ್ ಸೆನ್ಸರ್: ನನ್ನ ಅನುಭವ

ನನ್ನದು ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್) ಬರುವುದಕ್ಕೂ ಮೊದಲಿನ ಮಾರುತಿ ಜಿಪ್ಸಿ. ಗಾಳಿಗೆ ಪೆಟ್ರೋಲ್ ಬೆರೆಸುವುದು ಕಾರ್ಬೊರೇಟರ್. ಕೊಡಗಿನಲ್ಲಿ ಇಂಥ ಗಾಡಿ ಇಟ್ಟುಕೊಂಡವರಿಗೆ ಅದರ ತಲೆನೋವು ಗೊತ್ತೇ ಇರುತ್ತದೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಮೇಲೆ ಬಂದ ಹಾಗೆ ಗಾಳಿ ತೆಳುವಾಗುತ್ತದೆ, ಪೆಟ್ರೋಲ್ ಬಿಡುವ ಜೆಟ್ಟಿನ ತೂತು ಮಾತ್ರ ಅದೇ. ಹಾಗಾಗಿ ಮಿಶ್ರಣ ಹೆಚ್ಚುಕಡಿಮೆ ನೂರಕ್ಕೆ 5ರಷ್ಟು ರಿಚ್ ಆಗುತ್ತದೆ, ಅಂದರೆ ಗಾಳಿಗೆ ಪೆಟ್ರೋಲ್ ಜಾಸ್ತಿ. ಇನ್ನೊಂದು ಕಡೆ, ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಸೇರಿದ ಪೆಟ್ರೋಲ್. ಅದು ನೂರಕ್ಕೆ 7-8ರಷ್ಟು ಲೀನ್ ಮಾಡುತ್ತದೆ, ಅಂದರೆ ಗಾಳಿಗೆ ಇಂಧನ ಸಾಲದು. ಇಂಜೆಕ್ಷನ್ ಗಾಡಿಯಾದರೆ ಎಂಜಿನ್ನಿನ ಕಂಪ್ಯೂಟರ್ (ಇಸಿಯು) ನೋಡಿಕೊಳ್ಳುತ್ತದೆ. ನಮಗೆ ಯಾರು? ಅದಕ್ಕೇ ಹೊಗೆಯಲ್ಲಿನ ಆಕ್ಸಿಜನ್ ನೋಡಿ ಮಿಶ್ರಣ ಹೇಳುವ ಸೆನ್ಸರ್ ಹಾಕಲು ಹೊರಟೆ.

"ಪ್ಲಗ್ ಕಂದು ಬಣ್ಣ ಬಂದಿದ್ಯಲ್ಲ ಸಾರ್, ಇನ್ನೇನು ಬೇಕು?" ಅಂದರು ಮೆಕ್ಯಾನಿಕ್. ಅವರ ಕೈಗುಣದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಸ್ಪಾರ್ಕ್ ಪ್ಲಗ್ಗಿನ ಬಣ್ಣ ಹೇಳುವುದು ಮಿಶ್ರಣದ ಒಟ್ಟಾರೆ ಕತೆ. ಮೂರನೇ ಗೇರಿನಲ್ಲಿ ಫುಲ್ ಆಕ್ಸಿಲರೇಟರ್ ಒತ್ತಿ ಘಾಟಿ ಹತ್ತುವಾಗ ಏನಾಗುತ್ತಿದೆ ಅಂತ ಅದು ಹೇಳುವುದಿಲ್ಲ. ಗುಜರಿಯಲ್ಲಿ ಸಿಗುವ ಮಾಮೂಲಿ ಆಕ್ಸಿಜನ್ ಸೆನ್ಸರ್ ಕೂಡ ಸಾಲದು. ಅದು 0.1ರಿಂದ 0.9 ವೋಲ್ಟ್ ನಡುವೆ ಜಿಗಿಯುತ್ತದೆ. ರಿಚ್ಚೋ ಲೀನೋ ಗೊತ್ತಾಗುತ್ತದೆ, ಎಷ್ಟು ಅಂತ ಗೊತ್ತಾಗುವುದಿಲ್ಲ.

ಎಷ್ಟು ಅಂತ ಹೇಳುವುದು ವೈಡ್‌ಬ್ಯಾಂಡ್ ಸೆನ್ಸರ್. ನಾನು ತೆಗೆದುಕೊಂಡಿದ್ದು ಬಾಷ್ ಎಲ್‌ಎಸ್‌ಯು 4.9. ಹಳೆಯ 4.2 ಆದರೆ ಆಗಾಗ ಪೈಪಿನಿಂದ ಬಿಚ್ಚಿ, ಹೊರಗಿನ ಗಾಳಿಯಲ್ಲಿ ಹಿಡಿದು ಕ್ಯಾಲಿಬ್ರೇಟ್ ಮಾಡಬೇಕು. 4.9ಕ್ಕೆ ಆ ರಗಳೆ ಇಲ್ಲ. ಬರೀ ಸೆನ್ಸರ್ ತಂದರೆ ಕೆಲಸವಾಗುವುದಿಲ್ಲ. ಅದನ್ನು 780 ಡಿಗ್ರಿ ಹತ್ತಿರ ಬಿಸಿಯಾಗಿ ಇಡುವುದಕ್ಕೆ ಕಂಟ್ರೋಲರ್ ಬೇಕು. ವೈರ್ ಉದ್ದ ಸಾಲದಿದ್ದರೆ ಕನೆಕ್ಟರ್ ಕತ್ತರಿಸಿ ಜೋಡಿಸಲು ಹೋಗಬೇಡಿ. ಆ ಸೆನ್ಸರಿಗೆ ಅಂತಲೇ ಅಳೆದು ಕೂರಿಸಿದ ಪುಟ್ಟ ರೆಸಿಸ್ಟರ್ ಕನೆಕ್ಟರ್ ಒಳಗೇ ಇರುತ್ತದೆ. ಅದು ಹೋದರೆ ರೀಡಿಂಗ್ ನಂಬುವ ಹಾಗಿಲ್ಲ. ಡೂಪ್ಲಿಕೇಟ್ ಸೆನ್ಸರ್ ಕಾಟವೂ ಇದೆ, ತೀರಾ ಅಗ್ಗಕ್ಕೆ ಸಿಕ್ಕಿದರೆ ಬಿಟ್ಟುಬಿಡಿ.

ಸೈಲೆನ್ಸರ್ ಪೈಪಿಗೆ ಎಂ18 × 1.5 ಥ್ರೆಡ್ಡಿನ ನಟ್ ವೆಲ್ಡ್ ಮಾಡಿಸಿದೆ. ಸೆನ್ಸರ್ ಅಡ್ಡ ಮಲಗಬಾರದು, ತುದಿ ಕೆಳಗೆ ನೋಡುವಂತೆ ಕಡಿಮೆ ಅಂದರೂ 10 ಡಿಗ್ರಿ ಓರೆ ಇರಬೇಕು. ನಮ್ಮ ಮಳೆಗಾಲದಲ್ಲಿ ಇದು ಸುಮ್ನೆ ಮಾತಲ್ಲ. ತಣ್ಣನೆಯ ಪೈಪಿನಲ್ಲಿ ನೀರು ಕಟ್ಟುತ್ತದೆ, ಕಾದ ಸೆರಾಮಿಕ್ ಮೇಲೆ ಒಂದು ಹನಿ ಬಿದ್ದರೂ ಅದು ಸೀಳಬಹುದು. ಮ್ಯಾನಿಫೋಲ್ಡ್ ಜಾಯಿಂಟಿಗೆ ಸಿಲಿಕಾನ್ ಪೇಸ್ಟ್ ಹಚ್ಚಬೇಡಿ ಅಂತ ಮೆಕ್ಯಾನಿಕ್ಕಿಗೆ ಮೊದಲೇ ಹೇಳಿದ್ದೆ, ಅದರ ಹೊಗೆ ಸೆನ್ಸರಿಗೆ ವಿಷ. ಜಾಯಿಂಟ್ ಲೀಕ್ ಇದ್ದರೂ ಹೊರಗಿನ ಗಾಳಿ ಸೇರಿ ಮೀಟರ್ ಲೀನ್ ಅಂತ ಸುಳ್ಳು ಹೇಳುತ್ತದೆ.

ಮೀಟರನ್ನು ಲ್ಯಾಂಬ್ಡಾಕ್ಕೆ ಇಟ್ಟುಕೊಳ್ಳಿ. ಎಥನಾಲ್ ಪೆಟ್ರೋಲಿಗೆ ಸರಿಯಾದ ಗಾಳಿ-ಇಂಧನ ಅನುಪಾತ ಬರೀ ಪೆಟ್ರೋಲಿನ 14.7 ಅಲ್ಲ, ಸುಮಾರು 13.5. ಆದರೂ ಮಿಶ್ರಣ ಸರಿ ಇದ್ದಾಗ ಪೆಟ್ರೋಲ್ ಲೆಕ್ಕದ ಮೀಟರ್ 14.7 ಅಂತಲೇ ತೋರಿಸುತ್ತದೆ. ಲ್ಯಾಂಬ್ಡಾ ಅಂದರೆ ಇರುವ ಗಾಳಿ, ಬೇಕಾದ ಗಾಳಿಯ ಎಷ್ಟು ಪಟ್ಟು ಅಂತ. ಯಾವ ಇಂಧನವಾದರೂ ಸರಿಯಾದ ಮಿಶ್ರಣಕ್ಕೆ 1, ಅದಕ್ಕಿಂತ ಕಡಿಮೆ ಅಂದರೆ ರಿಚ್, ಜಾಸ್ತಿ ಅಂದರೆ ಲೀನ್. ಗೊಂದಲವೇ ಇಲ್ಲ.

ಪಕ್ಕದಲ್ಲಿ ತಮ್ಮನನ್ನು ಕೂರಿಸಿಕೊಂಡು ಸಂಪಾಜೆಯಿಂದ ಮಡಿಕೇರಿಗೆ ಹತ್ತಿದೆ. ಓಡಿಸುವವರು ಮೀಟರ್ ನೋಡಲೇಬಾರದು, ಆ ತಿರುವುಗಳಲ್ಲಿ ಅದು ಆಗುವ ಕೆಲಸವೂ ಅಲ್ಲ. ಫುಲ್ ಲೋಡಿನಲ್ಲಿ ಕೆಳಗೆ 0.93 ಇತ್ತು. ಜೋಡುಪಾಲ, ಮದೆನಾಡು ದಾಟುತ್ತಾ ನಂಬರ್ ಇಳಿದು ಇಳಿದು, ಮೇಲೆ ಬರುವಾಗ 0.88. ಅಂದರೆ ಮಡಿಕೇರಿಯಲ್ಲಿ ಎತ್ತರ ಮತ್ತು ಎಥನಾಲ್ ಒಂದನ್ನೊಂದು ಮುಚ್ಚಿಹಾಕುತ್ತಿದ್ದವು. ಊರಲ್ಲೇ ಓಡಿಸಿ ನೋಡಿದ್ದರೆ ಎಲ್ಲ ಸರಿ ಇದೆ ಅನಿಸುತ್ತಿತ್ತು. ಫುಲ್ ಲೋಡಿಗೆ ಸಾಲುವಷ್ಟು ರಿಚ್ ಇಲ್ಲದೆ ಎಂಜಿನ್ನಿಗೆ ಬಿಸಿ ತಟ್ಟುತ್ತಿದ್ದದ್ದು ಕೆಳಗೆ, ಸುಳ್ಯದ ಸೆಖೆಯಲ್ಲಿ. ಹಾಗಾಗಿ ಜೆಟ್ ಆರಿಸಿದ್ದು ಕೆಳಗಿನ ಲೆಕ್ಕಕ್ಕೆ. ಒಂದು ಹೆಜ್ಜೆ ದೊಡ್ಡ ಮೈನ್ ಜೆಟ್ ಹಾಕಿ 0.87ಕ್ಕೆ ತಂದೆ. ಮೇಲೆ ಅದು 0.82 ಆಗುತ್ತದೆ. ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿಯುತ್ತದೆ, ಪರವಾಗಿಲ್ಲ.

ಇಳಿಜಾರಿನಲ್ಲಿ ಕಾಲು ತೆಗೆದಾಗ ಬರುವ ನಂಬರ್ ಲೆಕ್ಕಕ್ಕಿಲ್ಲ. ಮಿಸ್‌ಫೈರ್ ಆದರೂ ಮೀಟರ್ ಲೀನ್ ತೋರಿಸುತ್ತದೆ, ಯಾಕೆಂದರೆ ಉರಿಯದ ಆಕ್ಸಿಜನ್ ಹಾಗೇ ಹೊರಬರುತ್ತದೆ. ಅದಕ್ಕೆ ಜೆಟ್ ಬದಲಿಸಬೇಡಿ, ಮೊದಲು ಪ್ಲಗ್, ವೈರ್ ನೋಡಿ.

ಟ್ಯೂನಿಂಗ್ ಮುಗಿದ ಮೇಲೆ ಸೆನ್ಸರ್ ಬಿಚ್ಚಿ, ಆ ಜಾಗಕ್ಕೆ ಬೋಲ್ಟ್ ಹಾಕಿದ್ದೇನೆ. ಹೀಟರ್ ಆಫ್ ಇಟ್ಟು ಸೆನ್ಸರನ್ನು ಪೈಪಿನಲ್ಲೇ ಬಿಟ್ಟು ಓಡಿಸಿದರೆ ಮಸಿ ಕಟ್ಟಿ ಬೇಗ ಹಾಳಾಗುತ್ತದೆ.