ಕಚೇರಿಯನ್ನು ಹಾಸಿಗೆಯ ಬಳಿಗೆ ಕರೆಸಿದ್ದು

2021ರ ಮಳೆಗಾಲದಲ್ಲಿ ಅಪ್ಪಯ್ಯನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು, ಮಾತು ತೊದಲಾಯಿತು. ಬುದ್ಧಿ ಮಾತ್ರ ಚೂಪಾಗಿಯೇ ಇತ್ತು. ಅಡಿಕೆ ಕೊಯ್ಲಿನ ಆಳುಗಳ ಲೆಕ್ಕವನ್ನು ಮಲಗಿದಲ್ಲಿಂದಲೇ ಒಪ್ಪಿಸುತ್ತಿದ್ದರು. ಆರೈಕೆ ಎಂದರೆ ಮಗ್ಗುಲು ಬದಲಿಸುವುದು, ಬೆನ್ನು ಹುಣ್ಣಾಗದಂತೆ ನೋಡಿಕೊಳ್ಳುವುದು, ಗಂಜಿ ಕುಡಿಸುವುದು ಎಂದುಕೊಂಡಿದ್ದೆ. ಅದರಲ್ಲಿ ಅರ್ಧ ಕೆಲಸ ಕಾಗದಪತ್ರದ್ದು ಎಂದು ಎರಡನೇ ತಿಂಗಳಿಗೇ ತಿಳಿಯಿತು.

ಮೊದಲು ಅಡ್ಡ ಬಂದದ್ದು ಬ್ಯಾಂಕು. ಎಡಗೈಯಲ್ಲಿ ಹಾಕಿದ ಸಹಿ ಹೊಂದಲಿಲ್ಲ. ‘ಖಾತೆದಾರರನ್ನೇ ಕರೆದುಕೊಂಡು ಬನ್ನಿ’ ಎಂದರು. ಒಮ್ಮೆ ಹಾಗೆ ಮಾಡಿಯೂ ಬಿಟ್ಟೆ. ಇಬ್ಬರು ಹಿಡಿದು ಜೀಪಿನಲ್ಲಿ ಮಲಗಿಸಿದೆವು; ಗುಮಾಸ್ತರು ಹೊರಗೆ ಬಂದು ಕಿಟಕಿಯಲ್ಲಿ ಇಣುಕಿ ನೋಡಿ ಒಳಗೆ ಹೋದರು. ವಾಪಸು ಬರುವಾಗ ಅಪ್ಪಯ್ಯ ದಾರಿಯುದ್ದಕ್ಕೂ ಮಾತನಾಡಲಿಲ್ಲ.

ಇಷ್ಟು ಪಾಡು ಬೇಕಿರಲಿಲ್ಲ ಎಂದು ಗೊತ್ತಾದದ್ದು ಆಮೇಲೆ. 70 ದಾಟಿದವರಿಗೆ, ಅಂಗವಿಕಲರಿಗೆ, ದೀರ್ಘಕಾಲದ ಕಾಯಿಲೆಯವರಿಗೆ ಮನೆಬಾಗಿಲಲ್ಲೇ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರ ನವೆಂಬರ್‌ನಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ. ಸಹಿ ಹಾಕಲಾಗದವರು ಹೆಬ್ಬೆಟ್ಟು ಒತ್ತಬಹುದು. ಕೈಯೇ ಆಗದಿದ್ದರೆ ಕಾಲಿನ ಹೆಬ್ಬೆರಳೂ ಆದೀತು. ಇಬ್ಬರು ಸಾಕ್ಷಿಗಳು ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಇದನ್ನೆಲ್ಲ ಒಂದು ಪುಟದಲ್ಲಿ ಬರೆದು, ವೈದ್ಯರ ಪತ್ರ ಲಗತ್ತಿಸಿ, ನನ್ನ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ. ಬಾಯಿಮಾತಿನಲ್ಲಿ ಕೇಳಿದಾಗಲೆಲ್ಲ ‘ನೋಡೋಣ’ ಎನ್ನುತ್ತಿದ್ದವರು ಮೊಹರು ಬಿದ್ದ ಮರುವಾರವೇ ಮನೆಗೆ ಬಂದರು, ಕಾಫಿಯನ್ನೂ ಕುಡಿದರು.

‘ಇಷ್ಟೆಲ್ಲ ಯಾಕೆ, ನಿಮ್ಮ ಹೆಸರಿಗೆ ಒಂದು ಜಿಪಿಎ ಬರೆಸಿಕೊಂಡುಬಿಡಿ’ ಎಂದು ಹೇಳಿದವರು ಒಬ್ಬಿಬ್ಬರಲ್ಲ. ಜಿಪಿಎ ಎಂದರೆ, ಅಪ್ಪಯ್ಯನ ಪರವಾಗಿ ವ್ಯವಹಾರ ನಡೆಸಲು ಅವರು ನನಗೆ ಬರೆದುಕೊಡುವ ಅಧಿಕಾರಪತ್ರ. ನನಗೂ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ 1872ರ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ, ಅಧಿಕಾರ ಕೊಟ್ಟವರ ಬುದ್ಧಿಸ್ಥಿಮಿತ ತಪ್ಪಿದರೆ ಆ ಅಧಿಕಾರವೂ ಮುಗಿಯುತ್ತದೆ. ಅಂದರೆ ನಿಜವಾಗಿ ಬೇಕಾದ ದಿನವೇ ಆ ಕಾಗದ ಕೈಕೊಡುತ್ತದೆ. ಅಲ್ಲಿಯವರೆಗೆ ಅವರೇ ನಿರ್ಧರಿಸಬಲ್ಲರು ಎಂದಮೇಲೆ ನಾನು ಅವರ ಜಾಗದಲ್ಲಿ ಕುಳಿತುಕೊಳ್ಳುವುದು ಯಾವ ನ್ಯಾಯ?

ಮರುವರ್ಷ ಬೇಸಿಗೆಯಲ್ಲಿ ಅಪ್ಪಯ್ಯ ತಾವೇ ದುಡಿದು ಕೊಂಡ ತೋಟವನ್ನು ಅಣ್ಣನಿಗೆ ದಾನಪತ್ರ ಮಾಡಿಕೊಡುವ ಮಾತೆತ್ತಿದರು. ತೋಟ ಅವರದು, ಇಷ್ಟವೂ ಅವರದು. ನಾನು ಹಟ ಹಿಡಿದದ್ದು ಒಂದೇ ಸಾಲಿಗೆ: ದಾನ ಪಡೆಯುವವರು ದಾನಿಯ ಊಟ, ವಸತಿ, ಔಷಧ, ಆರೈಕೆ ನೋಡಿಕೊಳ್ಳತಕ್ಕದ್ದು. ಪತ್ರ ಬರಹಗಾರರು ಲೇಖನಿ ಕೆಳಗಿಟ್ಟು, ‘ಅಪ್ಪ ಮಕ್ಕಳ ನಡುವೆ ಷರತ್ತು ಯಾಕಮ್ಮಾ, ಅಪಶಕುನದ ಹಾಗೆ’ ಎಂದರು. ಅಣ್ಣನ ಮುಖ ಕೆಂಪೇರಿತು. ‘ಅಣ್ಣಾ, ನೀನು ನೋಡಿಕೊಳ್ಳುವುದಿಲ್ಲ ಎಂದಲ್ಲ, ನೋಡಿಕೊಳ್ಳುತ್ತೀಯಲ್ಲ, ಅದನ್ನೇ ಬರೆಸೋಣ’ ಎಂದೆ. ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದ. ಮೂರನೇ ದಿನ ಬಂದು ‘ಬರೆಸು’ ಎಂದ.

ಆ ಸಾಲು ಯಾಕೆ ಬೇಕಿತ್ತೆಂದರೆ, ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಮು ನಿಂತಿರುವುದೇ ಷರತ್ತಿನ ಮೇಲೆ. ನೋಡಿಕೊಳ್ಳುವ ಷರತ್ತಿನಲ್ಲಿ ಆಸ್ತಿ ಪಡೆದವರು ನೋಡಿಕೊಳ್ಳದೇ ಹೋದರೆ, ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ಆ ಪತ್ರವನ್ನು ರದ್ದು ಮಾಡಿಸಬಹುದು. ನಮ್ಮ ಪತ್ರ ನೋಂದಣಿಯಾದ ಮೇಲೆ, 2022ರ ಡಿಸೆಂಬರ್‌ನಲ್ಲಿ, ಅಂಥ ಷರತ್ತು ಇಲ್ಲದಿದ್ದರೆ ಈ ಕಲಮು ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪು ತುಸು ಉದಾರವಾಗಿದೆ: ಮಗ ಬೇರೆಯಾಗಿ ಬರೆದುಕೊಟ್ಟಿದ್ದ ವಚನಪತ್ರವನ್ನೂ ಗಣಿಸಿ, ತಾಯಿ ಮಾಡಿಕೊಟ್ಟಿದ್ದ ದಾನಪತ್ರವನ್ನು ರದ್ದುಪಡಿಸಿತು. ಆದರೂ ಉದಾರ ತೀರ್ಪನ್ನು ನಂಬಿಕೊಂಡು ಸುಪ್ರೀಂ ಕೋರ್ಟಿನವರೆಗೆ ಹೋಗುವುದಕ್ಕಿಂತ ಒಂದು ಸಾಲು ಬರೆಸುವುದು ಅಗ್ಗ.

ನೋಂದಣಿಗೂ ಜೀಪು ಹತ್ತಿಸಲಿಲ್ಲ. 1908ರ ನೋಂದಣಿ ಕಾಯ್ದೆಯ 38ನೇ ಕಲಮು, ದೇಹದ ಅಶಕ್ತತೆಯಿಂದ ಬರಲಾಗದವರ ಮನೆಗೆ ಅಧಿಕಾರಿ ಒಂದೋ ತಾನೇ ಹೋಗಬೇಕು, ಇಲ್ಲವೇ ತನ್ನ ಪರವಾಗಿ ವಿಚಾರಣೆ ಮಾಡುವವರನ್ನು (‘ಕಮಿಷನ್’) ಕಳಿಸಬೇಕು ಎನ್ನುತ್ತದೆ. ‘ಹೋಗಬಹುದು’ ಎಂದಲ್ಲ, ‘ಹೋಗಬೇಕು’. ನನ್ನ ಅರ್ಜಿಯಲ್ಲಿ ಆ ಪದದ ಕೆಳಗೆ ಗೆರೆ ಎಳೆದಿದ್ದೆ. ಉಪನೋಂದಣಾಧಿಕಾರಿಗಳು ಬಂದ ದಿನ ಬೆಳಿಗ್ಗೆಯೇ ವೈದ್ಯರಿಂದ ‘ಪ್ರಜ್ಞೆ, ತಿಳಿವಳಿಕೆ ಸರಿಯಾಗಿವೆ’ ಎಂಬ ಪತ್ರ ತೆಗೆದುಕೊಂಡಿದ್ದೆ. ತಾರೀಖು ಅದೇ ದಿನದ್ದಾದರೆ ಮುಂದೆ ಯಾರೂ ತಕರಾರು ತೆಗೆಯುವುದು ಕಷ್ಟ. ಅಧಿಕಾರಿಗಳು ನಮ್ಮನ್ನೆಲ್ಲ ಜಗಲಿಗೆ ಕಳಿಸಿ ಅಪ್ಪಯ್ಯನೊಬ್ಬರನ್ನೇ ಮಾತನಾಡಿಸಿದರು. ತೊದಲು ಮಾತು ಅರ್ಥವಾಗಲು ಹೊತ್ತು ಹಿಡಿಯಿತು. ಅವಸರ ಮಾಡಲಿಲ್ಲ, ಪುಣ್ಯಾತ್ಮರು.

ಎಲ್ಲವೂ ಬಾಗಿಲಿಗೆ ಬರಲಿಲ್ಲ. ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಆಂಬುಲೆನ್ಸ್ ಮಾಡಿಕೊಂಡು ಆಸ್ಪತ್ರೆಗೆ ಹೋಗಲೇಬೇಕಾಯಿತು.

2023ರ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರಿಗೂ ಶೇ. 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಇದ್ದವರಿಗೂ ಮನೆಯಲ್ಲೇ ಮತ ಹಾಕುವ ಅವಕಾಶವಿತ್ತು. ಅಧಿಸೂಚನೆ ಹೊರಟ ಐದು ದಿನಗಳೊಳಗೆ 12ಡಿ ನಮೂನೆ ತುಂಬಿ ಕೊಡಬೇಕು, ಕೊಟ್ಟೆವು. ಮತಗಟ್ಟೆ ಸಿಬ್ಬಂದಿ, ಒಬ್ಬ ಪೊಲೀಸರು, ವಿಡಿಯೊ ತೆಗೆಯುವ ಹುಡುಗ ಬಂದು ಮಂಚದ ಪಕ್ಕದಲ್ಲೇ ಮರೆ ನಿಲ್ಲಿಸಿದರು. ಮತಪತ್ರ ಹಿಡಿಯಲು ಆಸರೆ ಬೇಕಾದೀತೆಂದು ನಾನು ಹತ್ತಿರ ಸರಿದೆ. ಅಪ್ಪಯ್ಯ ಎಡಗೈ ಎತ್ತಿ ತಡೆದು, ತೊದಲುತ್ತಲೇ, ಎಲ್ಲರಿಗೂ ಕೇಳಿಸುವಂತೆ ಹೇಳಿದರು: ‘ನೀನು ಹೊರಗೆ ಹೋಗು ಕೂಸೇ.’