ಕೆತ್ತಲು ಒಗ್ಗುವ ಕೇಕ್: ಹದ ಸಿಕ್ಕಿದ್ದು ಹೀಗೆ

ಕಾರಿನ ಆಕಾರದ ಕೇಕ್ ಮಾಡಿಕೊಡಲು ಮೊದಲ ಸಲ ಒಪ್ಪಿಕೊಂಡಾಗ ನನಗೆ ಚೆನ್ನಾಗಿ ಒಲಿದಿದ್ದುದು ಸ್ಪಂಜ್ ಕೇಕ್ ಒಂದೇ, ಆದ್ದರಿಂದ ಅದನ್ನೇ ಬೇಯಿಸಿದೆ. ಚಕ್ರದ ಮೇಲಿನ ಕಮಾನನ್ನು ಕೊರೆಯುತ್ತಿದ್ದಂತೆ ಚಾಕುವಿನ ಹಿಂದೆಯೇ ಪುಡಿ ಉದುರತೊಡಗಿತು. ಬಾನೆಟ್ಟಿನ ಅಂಚು ಇಡಿಯಾಗಿ ಕಳಚಿ ಬಿತ್ತು. ಬಿದ್ದ ಕಡೆಗೆಲ್ಲ ಬಟರ್‌ಕ್ರೀಮ್ ಮೆತ್ತುತ್ತಾ ಹೋದಾಗ ಕಾರು ಕಡೆಗೆ ಆಮೆಯಂತೆ ಕಾಣಿಸಿತು.

ಸ್ಪಂಜಿನ ಒಳಗಿರುವುದು ಹೆಚ್ಚಾಗಿ ಗಾಳಿ, ಆದ್ದರಿಂದ ಭಾರವಾದ ಕೇಕೇ ಗಟ್ಟಿ ಎಂದು ನಾನು ತೀರ್ಮಾನಿಸಿಬಿಟ್ಟೆ. ಮುಂದಿನ ಸಲ ಚಾಕೊಲೇಟ್ ಮತ್ತು ಬೆಣ್ಣೆ ಕರಗಿಸಿ ಮಾಡುವ ಮಡ್ ಕೇಕ್ ಬೇಯಿಸಿ, ಆರಿದ ದಿನವೇ ನಾಲ್ಕು ಪದರ ಒಂದರ ಮೇಲೊಂದು ಪೇರಿಸಿದೆ. ಕೆತ್ತನೆಯೇನೋ ನುಣುಪಾಗಿ ಬಂತು, ಆದರೆ ಮೇಲಿನ ಭಾರಕ್ಕೆ ತಳದ ಪದರ ಹೊಟ್ಟೆ ಉಬ್ಬಿಸಿಕೊಂಡು ರಾತ್ರಿಯೊಳಗೆ ಒಂದು ಬದಿಗೆ ವಾಲಿತು. ತಪ್ಪು ಮಡ್ ಕೇಕಿನದಲ್ಲ; ಅದಕ್ಕೆ ಒಂದು ರಾತ್ರಿಯ ವಿಶ್ರಾಂತಿಯನ್ನೂ ಒಳಗೆ ಆಧಾರವನ್ನೂ ಕೊಡದೆ ಹೋದದ್ದು ನನ್ನ ತಪ್ಪು.

ಆಮೇಲೆ ಗೊತ್ತಾದದ್ದೇನೆಂದರೆ, ಕೆತ್ತುವ ಕೇಕಿಗೆ ಬೇಕಾದದ್ದು ತೂಕವಲ್ಲ, ಸಣ್ಣ ರಂಧ್ರಗಳ ಒತ್ತಾದ ಒಡಲು ಮತ್ತು ತಂಪಿನಲ್ಲಿ ಬಿಗಿಯುವ ಬೆಣ್ಣೆ. ಎಣ್ಣೆ ಹಾಕಿ ಮಾಡಿದ ಕೇಕ್ ಫ್ರಿಜ್ಜಿನಲ್ಲೂ ಮೆತ್ತಗೇ ಉಳಿಯುತ್ತದೆ. ತಿನ್ನಲು ಅದು ಚೆಂದ, ಚಾಕುವಿಗೆ ಮಾತ್ರ ಕಷ್ಟ. ಬೆಣ್ಣೆಯಾದರೆ ತಣ್ಣಗಾದಾಗ ಗಟ್ಟಿಯಾಗಿ ಇಡೀ ಕೇಕನ್ನು ಹಿಡಿದಿಡುತ್ತದೆ. ಬೆಣ್ಣೆ, ಸಕ್ಕರೆ, ಮೊಟ್ಟೆ, ಮೈದಾ ನಾಲ್ಕನ್ನೂ ಸಮತೂಕದಲ್ಲಿ ಹಾಕುವ ಪೌಂಡ್ ಕೇಕಿನಿಂದ ಆರಂಭಿಸಿ, ಮಡೇರಾ ಕೇಕಿನಲ್ಲಿ ಇರುವಂತೆ ಮೈದಾವನ್ನು ಸ್ವಲ್ಪ ಏರಿಸಿದೆ. ಈಗ 20 ಸೆಂ.ಮೀ. ಟಿನ್ನಿಗೆ ನನ್ನ ಅಳತೆ ಇದು: 250 ಗ್ರಾಂ ಬೆಣ್ಣೆ, 250 ಗ್ರಾಂ ಸಕ್ಕರೆ, ಸಿಪ್ಪೆ ಬಿಟ್ಟು ಸುಮಾರು 250 ಗ್ರಾಂ ತೂಗುವ ಐದು ಮೊಟ್ಟೆ, 310 ಗ್ರಾಂ ಮೈದಾ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್. ಮೈದಾ ಹೆಚ್ಚಿದಷ್ಟೂ ಕೇಕ್ ಒಣಗುವುದರಿಂದ 50 ಗ್ರಾಂ ಗಟ್ಟಿ ಮೊಸರನ್ನೂ ಸೇರಿಸುತ್ತೇನೆ. ಮೈದಾ 350 ಗ್ರಾಂ ದಾಟಿಸಿ ನೋಡಿದ್ದುಂಟು. ಇಟ್ಟಿಗೆಯಂತೆ ನಿಂತಿತು, ಗಂಟಲಲ್ಲಿ ಮಾತ್ರ ಇಳಿಯಲಿಲ್ಲ.

ಬೆಣ್ಣೆ ಮತ್ತು ಸಕ್ಕರೆಯನ್ನು ಸ್ಪಂಜಿಗೆ ಮಾಡುವಂತೆ ಬೆಳ್ಳಗೆ ಉಬ್ಬುವವರೆಗೆ ಕಡೆಯುವುದನ್ನು ಬಿಟ್ಟಿದ್ದೇನೆ. ಮೂರು ನಿಮಿಷದಲ್ಲಿ ಬಣ್ಣ ತಿಳಿಯಾದರೆ ಸಾಕು, ಏಕೆಂದರೆ ಹೆಚ್ಚು ಗಾಳಿ ತುಂಬಿದಷ್ಟೂ ಒಡಲು ಸಡಿಲವಾಗುತ್ತದೆ. ಟಿನ್ನಿನ ತಳಕ್ಕೂ ಬದಿಗೂ ಬಟರ್ ಪೇಪರ್ ಹಾಸಿ, 180 ಡಿಗ್ರಿಯ ಬದಲು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆಗೂ ಮಿಕ್ಕಿ ಬೇಯಿಸುತ್ತೇನೆ. ಶಾಖ ಕಡಿಮೆಯಿದ್ದರೆ ಅಂಚು ಬೇಗ ಬಿಗಿಯುವುದಿಲ್ಲ, ನಡುಭಾಗ ಗುಡ್ಡದಂತೆ ಏಳುವುದಿಲ್ಲ, ಹಾಗಾಗಿ ಮೇಲ್ಮೈಯಲ್ಲಿ ಕತ್ತರಿಸಿ ಬಿಸಾಡುವ ಪಾಲೂ ಕಡಿಮೆ.

ಪೂರ್ತಿ ಆರಿದ ಕೇಕನ್ನು ಕ್ಲಿಂಗ್ ಫಿಲ್ಮಿನಲ್ಲಿ ಬಿಗಿಯಾಗಿ ಸುತ್ತಿ ಒಂದು ರಾತ್ರಿ ಫ್ರಿಜ್ಜಿನಲ್ಲಿಡುವುದನ್ನು ನಾನು ಯಾವ ಅವಸರದಲ್ಲೂ ತಪ್ಪಿಸುವುದಿಲ್ಲ. ಅಷ್ಟರೊಳಗೆ ತೇವ ಒಳಗೂ ಹೊರಗೂ ಒಂದೇ ಸಮನಾಗಿ ಹರಡಿಕೊಳ್ಳುತ್ತದೆ. ಹೊಸ ರೆಸಿಪಿಯಾದರೆ ಮಾರನೆಯ ದಿನ ಒಂದು ಸೆಂಟಿಮೀಟರ್ ದಪ್ಪದ ಹೋಳು ಕೊಯ್ದು, ಒಂದು ತುದಿ ಮಾತ್ರ ಹಿಡಿದು ಎತ್ತುತ್ತೇನೆ. ತುಸು ಬಾಗಿ ನಿಂತರೆ ಕೆತ್ತಬಹುದು, ನಡುವೆ ತುಂಡಾಗಿ ಬಿದ್ದರೆ ಕೇಕಿನ ಚೂರು, ಹಣ್ಣು, ಕ್ರೀಮು ಪದರಪದರವಾಗಿ ಹಾಕುವ ಟ್ರೈಫಲ್ಲಿಗೆ ಹಾಕಬಹುದು. ನಂತರ ಅದೇ ಹೋಳಿನ ಮೂಲೆಯೊಂದನ್ನು ಚೂಪಾಗಿ ಕತ್ತರಿಸಿ ಬೆರಳಿನಿಂದ ಸವರುತ್ತೇನೆ. ಅಂಚು ಮೊಂಡಾಗದೆ ಉಳಿದರೆ ಮಾತ್ರ ಕಿವಿ, ಮೂಗಿನಂಥ ಸಣ್ಣ ಕೆಲಸಕ್ಕೆ ಕೈ ಹಾಕುವ ಧೈರ್ಯ ಬರುತ್ತದೆ.

ಪದರಗಳ ನಡುವೆ ತೆಳುವಾಗಿ ಗನಾಶ್ ಹಚ್ಚುತ್ತೇನೆ, ಎರಡು ಪಾಲು ಡಾರ್ಕ್ ಚಾಕೊಲೇಟಿಗೆ ಒಂದು ಪಾಲು ಕ್ರೀಮಿನಂತೆ. ದಪ್ಪವಾಗಿ ಹಚ್ಚಿದರೆ ಕೆತ್ತುವಾಗ ಪದರ ಜಾರುತ್ತದೆ. ಪೇರಿಸಿದ್ದನ್ನು ಫ್ರೀಜರಿನಲ್ಲಿ ಮುಕ್ಕಾಲು ಗಂಟೆ ಇಟ್ಟು ತೆಗೆದರೆ ಚಾಕುವಿಗೆ ಹದವಾಗಿರುತ್ತದೆ, ಕಲ್ಲಾಗುವವರೆಗೆ ಬಿಟ್ಟರೆ ಚಾಕು ಜಾರಿ ಬೆರಳಿಗೆ ಅಪಾಯ. ಕಾಗದದಲ್ಲಿ ಕತ್ತರಿಸಿದ ಆಕಾರವನ್ನು ಮೇಲಿಟ್ಟು, ಹಲ್ಲುಳ್ಳ ಚಾಕುವಿನಿಂದ ಹೆರೆಯುವ ಹಾಗೆ ಸ್ವಲ್ಪಸ್ವಲ್ಪವೇ ತೆಗೆಯುತ್ತೇನೆ. ಎತ್ತರ ಸುಮಾರು 10 ಸೆಂ.ಮೀ. ಮೀರಿದರೆ ನಡುವೆ ತೆಳುವಾದ ಬೋರ್ಡು, ಅದರ ಕೆಳಗೆ ಕಡ್ಡಿಗಳ ಆಧಾರ ಇರಲೇಬೇಕು. ಆನೆಯ ಸೊಂಡಿಲಿನಂತೆ ಹೊರಕ್ಕೆ ಚಾಚುವ ಅಂಗವನ್ನು ಕೇಕಿನಲ್ಲೇ ಕೆತ್ತುವ ಹಟ ಬಿಟ್ಟಿದ್ದೇನೆ, ಉದುರಿದ ಪುಡಿಯನ್ನೇ ಗನಾಶಿನೊಂದಿಗೆ ನಾದಿ ಕಡ್ಡಿಯ ಸುತ್ತ ಮೆತ್ತಿ ಅಂಟಿಸುತ್ತೇನೆ.

ಬೆಣ್ಣೆಯ ಕೇಕನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ತಿಂದರೆ ಬಿರುಸಾಗಿ ಒಣಗಿದಂತೆ ಅನ್ನಿಸುತ್ತದೆ, ಆದ್ದರಿಂದ ಕೊಯ್ಯುವ ಎರಡು ಗಂಟೆ ಮೊದಲು ಹೊರಗಿಡಲು ಕೇಕ್ ಒಯ್ಯುವವರಿಗೆ ಚೀಟಿ ಬರೆದು ಕೊಡುತ್ತೇನೆ. ಹಿಂದೊಮ್ಮೆ ಅದನ್ನು ಮರೆತು, ಹಿಂದಿನ ದಿನ ಬೇಯಿಸಿದ ಕೇಕಿಗೆ ‘ವಾರದ ಹಳತು’ ಎನ್ನಿಸಿಕೊಂಡಿದ್ದೇನೆ.